ಜಪಾನಿ ‘ಮನ್’: ಹತ್ತು ಸಾವಿರ ಬರೆಯುವುದು, ಹೇಳುವುದು, ಎಣಿಸುವುದು ಹೇಗೆ?

ಜಪಾನಿ ಕಲಿಯಲು ಕೂತವರಿಗೆ ಇಚಿ, ನಿ, ಸನ್ ಎಂದು ಹತ್ತರವರೆಗಿನ ಎಣಿಕೆ ಬೇಗ ಬಾಯಿಪಾಠ ಆಗುತ್ತದೆ. ನೂರು ಅಂದರೆ ಹ್ಯಕು, ಸಾವಿರ ಅಂದರೆ ಸೆನ್. ಇಲ್ಲಿಯವರೆಗೆ ಕಷ್ಟವೇನಿಲ್ಲ. ತಲೆ ಗಿರ್ ಅನ್ನುವುದು ಹತ್ತು ಸಾವಿರಕ್ಕೆ ಬಂದಾಗ. ನಾವು ಹತ್ತನ್ನೂ ಸಾವಿರವನ್ನೂ ಜೋಡಿಸಿ ಹೇಳುತ್ತೇವೆ. ಜಪಾನಿನವರು ಅಲ್ಲಿಂದ ಹೊಸ ಲೆಕ್ಕವನ್ನೇ ಶುರು ಮಾಡುತ್ತಾರೆ. ಆ ಲೆಕ್ಕದ ಹೆಸರು ‘ಮನ್’. ಮನೆ ಬಾಡಿಗೆ, ಸಂಬಳ, ಊರಿನ ಜನಸಂಖ್ಯೆ ಎಲ್ಲವನ್ನೂ ಅಲ್ಲಿ ಮನ್‌ನಲ್ಲೇ ಹೇಳುವುದು.

ಮೊದಲು ಬರೆಯೋಣ. ಪೆನ್ನು, ಚೌಕುಳಿ ಹಾಳೆ ತಗೊಳ್ಳಿ. ಜಪಾನಿನ ಮಕ್ಕಳು ಎರಡನೇ ತರಗತಿಯಲ್ಲಿ ಕಲಿಯುವ ಕಾಂಜಿ (ಚೀನಾದಿಂದ ಬಂದ ಅಕ್ಷರ) ಇದು, ಮೂರೇ ಗೆರೆ. ಮೇಲ್ಗಡೆ ಎಡದಿಂದ ಬಲಕ್ಕೆ ಒಂದು ಅಡ್ಡಗೆರೆ ಎಳೆಯಿರಿ. ಅದರ ಕೆಳಗೆ, ಚೌಕದ ನಡುಭಾಗದಿಂದ ಬಲಕ್ಕೆ ಇನ್ನೊಂದು ಗಿಡ್ಡ ಗೆರೆ ಎಳೆದು, ಪೆನ್ನು ಎತ್ತದೆ ಕೆಳಕ್ಕೆ ಬಾಗಿಸಿ, ತುದಿಯಲ್ಲಿ ಎಡಕ್ಕೆ ಒಂದು ಸಣ್ಣ ಕೊಕ್ಕೆ ಕೊಡಿ. ಬಾಗಿದರೂ ಇದು ಒಂದೇ ಗೆರೆ. ಕೊನೆಗೆ ಮೇಲಿನ ಅಡ್ಡಗೆರೆಯಿಂದ ಹೊರಟು, ಎರಡನೇ ಗೆರೆ ಶುರುವಾದ ಜಾಗವನ್ನು ಮುಟ್ಟಿಕೊಂಡು, ಎಡ ಮೂಲೆಯತ್ತ ಓರೆಯಾಗಿ ಇಳಿಸಿ. ಆ ಓರೆಗೆರೆಯನ್ನೇ ಎರಡನೆಯದಾಗಿ ಎಳೆಯೋಣ ಅಂತ ಕೈ ಓಡುತ್ತದೆ. ಬೇಡ, ಕೊಕ್ಕೆಯೇ ಮೊದಲು. ಹಾಗೆಯೇ ಅಡ್ಡಗೆರೆಯ ಮೇಲೆ ಅಪ್ಪಿತಪ್ಪಿ ಒಂದು ಚುಕ್ಕಿ ಬಿದ್ದರೆ ಅದು ‘ದಿಕ್ಕು’ ಎಂಬ ಬೇರೆಯದೇ ಅಕ್ಷರ ಆಗಿಬಿಡುತ್ತದೆ.

ಈಗ ಉಚ್ಚಾರ. ಇಂಗ್ಲಿಷಿನ ‘ಮ್ಯಾನ್’ ಅಲ್ಲ, ದೀರ್ಘ ಎಳೆಯುವ ‘ಮಾನ್’ ಕೂಡ ಅಲ್ಲ, ಸುಮ್ನೆ ‘ಮನ್’. ನೂರಕ್ಕೆ ಹ್ಯಕು, ಸಾವಿರಕ್ಕೆ ಸೆನ್ ಅಂದರೆ ಸಾಕು, ಹಿಂದೆ ‘ಒಂದು’ ಬೇಕಾಗಿಲ್ಲ. ಆದರೆ ಹತ್ತು ಸಾವಿರಕ್ಕೆ ಬರೀ ಮನ್ ಅಂದರೆ ನಡೆಯುವುದಿಲ್ಲ, ‘ಇಚಿಮನ್’ ಅನ್ನಲೇಬೇಕು. ಒಂದು ಸಮಾಧಾನವೂ ಇದೆ. ಮುನ್ನೂರು ‘ಸಂಬ್ಯಕು’ ಆಗುತ್ತದೆ, ಎಂಟು ಸಾವಿರ ‘ಹಸ್ಸೆನ್’ ಆಗುತ್ತದೆ. ಮನ್‌ಗೆ ಇಂಥ ತಕರಾರಿಲ್ಲ. ನಿಮನ್, ಸಮ್ಮನ್, ಯೊಮ್ಮನ್, ಗೊಮನ್, ರೊಕುಮನ್, ನನಮನ್, ಹಚಿಮನ್, ಕ್ಯೂಮನ್. ಹಣದ ಮಾತು ಬಂದಾಗ ಮಾತ್ರ ಸ್ವಲ್ಪ ಹುಷಾರು. ಜಪಾನಿ ಯೆನ್ ಅಲ್ಲಿನವರ ಬಾಯಲ್ಲಿ ‘ಎನ್’. ‘ಇಚಿಮನ್ ಎನ್’ ಎಂದು ನಡುವೆ ಚೂರು ತಡೆದು, ಮೂಗಿನಲ್ಲಿ ಹೇಳಬೇಕು. ನಮ್ಮ ಅಭ್ಯಾಸದಂತೆ ಸಂಧಿ ಮಾಡಿದರೆ ‘ಇಚಿಮನೆನ್’ ಆಗಿ, ನಡುವೆ ಒಂದು ಮನೆ ಎದ್ದು ನಿಲ್ಲುತ್ತದೆ!

ಇನ್ನು ನಿಜವಾದ ಕೆಲಸ, ಲೆಕ್ಕ. ನಾವು ಸಾವಿರ ಆದಮೇಲೆ ಎರಡೆರಡು ಅಂಕಿಗೆ ಅಲ್ಪವಿರಾಮ ಹಾಕಿ ಲಕ್ಷ, ಕೋಟಿ ಅನ್ನುತ್ತೇವೆ. ಜಪಾನಿನವರು ಹೇಳುವಾಗ ನಾಲ್ಕು ನಾಲ್ಕು ಅಂಕಿಗೆ ಕತ್ತರಿಸುತ್ತಾರೆ. ನಾಲ್ಕು ಸೊನ್ನೆಗೆ ಮನ್, ಎಂಟಕ್ಕೆ ಒಕು, ಹನ್ನೆರಡಕ್ಕೆ ಚೋ. ತಮಾಷೆ ಏನೆಂದರೆ, ಬೆಲೆಚೀಟಿಯಲ್ಲಿ ಅಲ್ಪವಿರಾಮ ಹಾಕುವುದು ಮಾತ್ರ ಮೂರು ಅಂಕಿಗೆ. ಅದನ್ನು ನಂಬಿಕೊಂಡು ಓದಲು ಹೋದರೆ ಎಡವುತ್ತೀರಿ.

ಮಿಲಿಯನ್‌ನಲ್ಲಿ ಎಣಿಸುವವರಿಗಿಂತ ಲಕ್ಷ, ಕೋಟಿಯವರಿಗೆ ಇದು ಸಲೀಸು ಅನ್ನುವುದು ನನ್ನ ಲೆಕ್ಕ. ಎಷ್ಟು ಲಕ್ಷ ಅನ್ನುವುದನ್ನು ಹತ್ತರಿಂದ ಗುಣಿಸಿದರೆ ಎಷ್ಟು ಮನ್ ಅಂತ ಸಿಗುತ್ತದೆ, ಎಷ್ಟು ಕೋಟಿ ಅನ್ನುವುದನ್ನು ಹತ್ತರಿಂದ ಭಾಗಿಸಿದರೆ ಎಷ್ಟು ಒಕು ಅಂತ, ಅಷ್ಟೇ. ಮೂರೂವರೆ ಲಕ್ಷ ಅಂದರೆ 35 ಮನ್, ‘ಸಂಜೂಗೊಮನ್’. ಹತ್ತು ಕೋಟಿ ಅಂದರೆ ‘ಇಚಿಒಕು’. ಒಂದೇ ಕೋಟಿ ಇದ್ದರೆ? ಸಾವಿರ ಮನ್, ‘ಇಸ್ಸೆಮ್ಮನ್’; ಮನ್‌ನ ಹಿಂದೆ ಬಂದಾಗ ಸೆನ್‌ಗೂ ‘ಒಂದು’ ಸೇರುತ್ತದೆ.

ಒಂದು ಉದ್ದದ ಸಂಖ್ಯೆ ತಗೊಂಡು ನೋಡೋಣ. 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 6,10,95,297. ಅಲ್ಪವಿರಾಮ ಎಲ್ಲ ಅಳಿಸಿ, ಬಲಗಡೆಯಿಂದ ನಾಲ್ಕು ಅಂಕಿ ಎಣಿಸಿ ಒಂದು ಗೀಟು ಹಾಕಿ: 6109 | 5297. ಎಡಗಡೆಯದನ್ನು ಮಾಮೂಲಿ ನಾಲ್ಕಂಕಿ ಸಂಖ್ಯೆಯಂತೆ ಓದಿ, ಗೀಟಿನ ಜಾಗದಲ್ಲಿ ಮನ್ ಅನ್ನಿ, ಆಮೇಲೆ ಬಲಗಡೆಯದು. ‘ರೊಕುಸೆನ್ ಹ್ಯಕು ಕ್ಯೂಮನ್, ಗೊಸೆನ್ ನಿಹ್ಯಕು ಕ್ಯೂಜೂ ನನ’. ನಾಳೆಯಿಂದ ಕಣ್ಣಿಗೆ ಬಿದ್ದ ಕಾರಿನ ಬೆಲೆ, ಸೈಟಿನ ಬೆಲೆ ಎಲ್ಲಕ್ಕೂ ಹೀಗೆ ಗೀಟು ಹಾಕುತ್ತಾ ಹೋಗಿ. ಜೆಎಲ್‌ಪಿಟಿ ಎಂಬ ಜಪಾನಿ ಭಾಷೆಯ ಪರೀಕ್ಷೆಗೆ ಓದುವವರಂತೂ ಬರೆದು ನೋಡಿದರೆ ಸಾಲದು, ಜೋರಾಗಿ ಹೇಳಬೇಕು. ಕೇಳಿಸಿಕೊಂಡು ಉತ್ತರಿಸುವಾಗ ಗೀಟು ಹಾಕುತ್ತಾ ಕೂರಲು ಸಮಯ ಎಲ್ಲಿದೆ?

ಜಪಾನಿಗೆ ಹೋದರೆ ಈ ಅಕ್ಷರ ಮೊದಲು ಸಿಗುವುದು ದುಡ್ಡಿನ ಜತೆ. ಅಲ್ಲಿನ ಎಟಿಎಂಗಳಲ್ಲಿ ಅಂಕಿಗಳ ಪಕ್ಕದಲ್ಲೇ ಮನ್, ಸೆನ್, ಎನ್ ಎಂಬ ಗುಂಡಿಗಳಿರುತ್ತವೆ. ಮೂವತ್ತು ಸಾವಿರ ಬೇಕಿದ್ದರೆ ಸೊನ್ನೆ ಒತ್ತುತ್ತಾ ಕೂರುವುದು ಬೇಡ: 3, ಮನ್, ಎನ್. ಪತ್ರಿಕೆಗಳೂ 35 ಸಾವಿರವನ್ನು ‘3 ಮನ್ 5000’ ಎಂದು ಅಂಕಿ, ಅಕ್ಷರ ಬೆರೆಸಿ ಬರೆಯುತ್ತವೆ. 2024ರ ಜುಲೈಯಲ್ಲಿ ಬಂದ ಉದ್ಯಮಿ ಷಿಬುಸಾವಾ ಎಯಿಚಿ ಚಿತ್ರದ ಹೊಸ ಹತ್ತು ಸಾವಿರದ ನೋಟಿನಲ್ಲೂ ಮನ್ ಇದೆ. ಆದರೆ ಅದರ ಹಿಂದಿನ ‘ಇಚಿ’ ನೀವು ಕಲಿತ ಒಂದೇ ಅಡ್ಡಗೆರೆಯದಲ್ಲ, ಜಾಸ್ತಿ ಗೆರೆಗಳ ಬೇರೆ ಅಕ್ಷರ. ಒಂದು ಗೆರೆಗೆ ಇನ್ನೊಂದು ಸೇರಿಸಿದರೆ ಎರಡು, ಮತ್ತೊಂದು ಎಳೆದರೆ ಮೂರು ಆಗಿಬಿಡುತ್ತದಲ್ವಾ? ಹಣದ ಕಾಗದಪತ್ರದಲ್ಲಿ ಆ ಕೈಚಳಕ ನಡೆಯಬಾರದೆಂದೇ ಈ ಏರ್ಪಾಡು.

ಮನ್ ಬರೀ ಲೆಕ್ಕಕ್ಕೆ ನಿಲ್ಲುವುದಿಲ್ಲ, ‘ತುಂಬಾ’ ಎನ್ನಲೂ ಬರುತ್ತದೆ. ಆಗ ಕೆಲವೊಮ್ಮೆ ಅದನ್ನು ‘ಬನ್’ ಎಂದು ಓದಬೇಕು. ‘ಬಂಜಾಯ್’ ಎಂಬ ಜಯಕಾರದಲ್ಲಿರುವುದು ಇದೇ ಅಕ್ಷರ, ಹತ್ತು ಸಾವಿರ ವರ್ಷ ಎಂದರ್ಥ. ‘ಮನ್ನೆನ್‌ಹಿತ್ಸು’ ಅಂದರೆ ಹತ್ತು ಸಾವಿರ ವರ್ಷದ ಲೇಖನಿ, ನಮ್ಮ ಇಂಕು ಪೆನ್ನು. ‘ಮನ್ ಗ ಇಚಿ’ ಅಂದರೆ ಹತ್ತು ಸಾವಿರದಲ್ಲಿ ಒಂದು, ನಾವು ‘ಅಕಸ್ಮಾತ್ ಏನಾದರೂ ಆದರೆ’ ಅನ್ನುವ ಕಡೆ ಅವರು ಬಳಸುವ ಮಾತು. ಎಲ್ಲಿ ಮನ್, ಎಲ್ಲಿ ಬನ್ ಎನ್ನುವುದಕ್ಕೆ ಅಡ್ಡದಾರಿ ಇಲ್ಲ, ಪದ ಪದವಾಗಿಯೇ ಕಲಿಯಬೇಕು.

ಒಂದು ಪದದ ಪರಿಣಾಮ ಮಾತ್ರ ನಿಮಗೆ ಆಗಲೇ ಗೊತ್ತು. ಟೋಕಿಯೊ ಒಲಿಂಪಿಕ್ಸ್‌ನ ಮರುವರ್ಷ, 1965ರಲ್ಲಿ, ಯಮಸಾ ಎಂಬ ಕಂಪನಿ ಹೆಜ್ಜೆ ಎಣಿಸುವ ಸಾಧನವೊಂದನ್ನು ಮಾರುಕಟ್ಟೆಗೆ ತಂದಿತು. ಹೆಸರು ‘ಮಂಪೊಕೇ’, ಹತ್ತು ಸಾವಿರ ಹೆಜ್ಜೆಯ ಮೀಟರು. ಬೆಳಿಗ್ಗೆ ಪಾರ್ಕಿನಲ್ಲಿ ಫೋನು ನೋಡಿಕೊಂಡು ‘ಇನ್ನೂ ಎರಡು ಸಾವಿರ ಬಾಕಿ’ ಎಂದು ಮತ್ತೊಂದು ಸುತ್ತು ಹಾಕುತ್ತಾರಲ್ಲ, ಆ ಹತ್ತು ಸಾವಿರದ ಗುರಿ ಹೊರಟಿದ್ದು ಈ ಹೆಸರಿನಿಂದ.