ಹನ್ನೆರಡು ರೂಪಾಯಿ ರಸೀದಿ

ನಾನು ಬೆಂಗಳೂರಿನ ಮೈಸೂರು ರಸ್ತೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಕಾಲರ್ ಕೂರಿಸುವ ಕೆಲಸ. 2016ರ ಏಪ್ರಿಲ್‌ನಲ್ಲಿ ಪಿಎಫ್ ದುಡ್ಡಿನ ಹೊಸ ನಿಯಮದ ವಿರುದ್ಧ ಸಾವಿರಾರು ಹೆಂಗಸರು ರಸ್ತೆಗೆ ಇಳಿದರಲ್ಲ, ಅವರಲ್ಲಿ ನಾನೂ ಇದ್ದೆ. ಎರಡೇ ದಿನ, 19ನೇ ತಾರೀಖು ಕೇಂದ್ರ ಸರ್ಕಾರ ನಿಯಮ ವಾಪಸ್ ತೆಗೆದುಕೊಂಡಿತು. ಕೆಲಸಕ್ಕೆ ಮರಳಿದರೆ ಮತ್ತೆ ಅದೇ ಟಾರ್ಗೆಟ್, ಅದೇ ಬೈಗುಳ. ದೆಹಲಿಯವರು ನಮ್ಮ ಮಾತು ಕೇಳಿದರು, ನಮ್ಮ ಫ್ಲೋರ್ ಇನ್‌ಚಾರ್ಜ್ ಕೇಳಲಿಲ್ಲ. ಕಾರ್ಮಿಕ ಸಂಘ ಬೇಕು ಅಂತ ಆಗ ತೀರ್ಮಾನ ಮಾಡಿದೆವು.

1926ರ ಟ್ರೇಡ್ ಯೂನಿಯನ್ ಕಾಯ್ದೆಗೆ 2001ರಲ್ಲಿ ತಿದ್ದುಪಡಿ ಆಗಿತ್ತು. ನೋಂದಣಿಗೆ ಕಾರ್ಖಾನೆಯ ಶೇ 10ರಷ್ಟು ಜನ ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಸದಸ್ಯರು ಬೇಕಿತ್ತು. ನಾವಿದ್ದದ್ದು ಸುಮಾರು 900. ಅಂದರೆ 90 ಮಂದಿ. ಕೇಳಲು ಸುಲಭ ಅಲ್ವಾ? ನಮಗೆ ಏಳು ತಿಂಗಳು ಹಿಡಿಯಿತು. ಊಟದ ಅರ್ಧ ಗಂಟೆಯಲ್ಲಿ ಸೂಪರ್‌ವೈಸರ್ ಕಣ್ಣು ನಮ್ಮ ಮೇಲೇ ಇರುತ್ತಿತ್ತು. ಹಾಗಾಗಿ ಭಾನುವಾರ ಮನೆಮನೆಗೆ ಹೋದೆವು. ಸಹಿಗಳನ್ನು ಒಂದೇ ಪುಸ್ತಕದಲ್ಲಿ ಹಾಕಿಸಲಿಲ್ಲ, ಒಬ್ಬೊಬ್ಬರಿಗೆ ಒಂದೊಂದು ಹಾಳೆ. ಒಂದು ಸಿಕ್ಕಿಬಿದ್ದರೂ ಉಳಿದವರು ಸೇಫ್. ವರ್ಷದ ಚಂದಾ 12 ರೂಪಾಯಿ, ಆ ಕಾಯ್ದೆ ಹೇಳುತ್ತಿದ್ದ ಕನಿಷ್ಠ ಮೊತ್ತ. ಅದಕ್ಕೂ ರಸೀದಿ ಕೊಟ್ಟೆವು. ರಸೀದಿ ಕೈಗೆ ಬಂದ ಮೇಲೆ ಜನ ಸಂಘವನ್ನು ತಮ್ಮದು ಅಂತ ಮಾತಾಡಲು ಶುರು ಮಾಡಿದರು.

ಅರ್ಜಿಯಲ್ಲಿ ಹೆಸರು, ಕೆಲಸ, ಕೆಲಸದ ಜಾಗ, ಮನೆ ವಿಳಾಸ ಎಲ್ಲ ಬರೆಯಬೇಕಿತ್ತು. ಅದು ಹೇಗೆ ಹೊರಬಿತ್ತೋ, ಒಂದೇ ವಾರದಲ್ಲಿ ಸಹಿ ಹಾಕಿದ ಇಬ್ಬರನ್ನು ದೂರದ ಯೂನಿಟ್‌ಗೆ ಹಾಕಿದರು. ಒಬ್ಬಾಕೆಗೆ ಎರಡು ವರ್ಷದ ಮಗು. ಆಕೆ ಕೆಲಸ ಬಿಟ್ಟಳು. ಅವಳನ್ನು ಉಳಿಸಿಕೊಳ್ಳಲು ಆಗಲಿಲ್ಲ ಎಂಬ ನೋವು ಇವತ್ತಿಗೂ ಇದೆ.

ಕೊನೆಗೂ ನೋಂದಣಿ ಆಯಿತು. ಸರ್ಟಿಫಿಕೇಟ್ ಹಿಡಿದು ಎಚ್‌ಆರ್ ಹತ್ತಿರ ಹೋದೆವು. "ನಿಮ್ಮ ಜೊತೆ ಮಾತಾಡಲೇಬೇಕು ಅಂತ ಯಾವ ಕಾನೂನಲ್ಲಿದೆ, ತೋರಿಸಿ" ಅಂದರು. ತೋರಿಸಲು ಇರಲಿಲ್ಲ. ಸಂಘವನ್ನು ಮಾಲೀಕರು ಮಾನ್ಯ ಮಾಡಬೇಕು ಎಂಬ ತಿದ್ದುಪಡಿ 1947ರಲ್ಲೇ ಪಾಸಾಗಿತ್ತು, ಜಾರಿಗೆ ಮಾತ್ರ ಬರಲೇ ಇಲ್ಲ. ಮಹಾರಾಷ್ಟ್ರದಲ್ಲಿ ಇದಕ್ಕೆ 1971ರ ಬೇರೆ ಕಾಯ್ದೆ ಇತ್ತು. ಇದು ಗೊತ್ತಾದ ದಿನ ನನಗೆ ನಿದ್ದೆ ಬರಲಿಲ್ಲ. ನಾವು ಕಾರ್ಖಾನೆ ಗೇಟಿನಲ್ಲಷ್ಟೇ ನಿಂತರೆ ಸಾಲದು, ಕಾನೂನು ಮಾಡುವವರ ಬಾಗಿಲಿಗೂ ಹೋಗಬೇಕು ಅನ್ನಿಸಿತು.

ಈಗ ಆ ಹಳೆಯ ಕಾಯ್ದೆಯ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಎಂಬ ಕೇಂದ್ರದ ಕಾನೂನು ಬಂದಿದೆ. 2020ರಲ್ಲಿ ಪಾಸಾಗಿ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಮಾಲೀಕರು ಮಾತುಕತೆಗೆ ಕೂರಬೇಕಾದ ಸಂಘ ಯಾವುದು ಎಂದು ಅದು ಹೇಳುತ್ತದೆ. ಇದನ್ನು ನಾನು ಮನಸಾರೆ ಬೆಂಬಲಿಸುತ್ತೇನೆ. ಮುಷ್ಕರಕ್ಕೆ 14 ದಿನ ಮೊದಲೇ ನೋಟಿಸ್ ಕೊಡಬೇಕು ಎನ್ನುವುದು ಅದರಲ್ಲೇ ಇದೆ, ಅದಕ್ಕೆ ನನ್ನ ಒಪ್ಪಿಗೆ ಇಲ್ಲ. ಒಂದಕ್ಕಿಂತ ಜಾಸ್ತಿ ಸಂಘ ಇದ್ದರೆ, ಹಾಜರಿ ಪಟ್ಟಿಯ ಶೇ 51 ಜನ ಯಾರ ಕಡೆ ಇದ್ದಾರೋ ಅವರದೇ ಮಾತುಕತೆಯ ಹಕ್ಕು. ನಮ್ಮಲ್ಲಿ ಆಡಳಿತಕ್ಕೆ ಬೇಕಾದವರೂ ಒಂದು ಸಂಘ ಕಟ್ಟಿದ್ದಾರೆ. ಜನರನ್ನು ಸೂಪರ್‌ವೈಸರ್ ಎದುರು ಕೈ ಎತ್ತಿಸಿ ಎಣಿಸಿದರೆ ಯಾರು ತಾನೇ ನಮ್ಮ ಕಡೆ ಕೈ ಎತ್ತುತ್ತಾರೆ?

ಎಣಿಸುವ ಬಗೆಯನ್ನು ಸಂಹಿತೆ ನಿಯಮಗಳಿಗೆ ಬಿಟ್ಟಿದೆ. ನಮ್ಮಂಥ ಖಾಸಗಿ ಕಾರ್ಖಾನೆಗೆ ಆ ನಿಯಮ ಮಾಡುವುದು ರಾಜ್ಯ ಸರ್ಕಾರ. ಅದಕ್ಕೇ ಮನವಿ ಪತ್ರ ಬರೆದೆವು. ಮತದಾನ ಗುಟ್ಟಾಗಿರಲಿ, ಕಾರ್ಖಾನೆಯ ಹೊರಗೆ ನಡೆಯಲಿ. ಅರ್ಜಿ ಹಾಕಿದವರನ್ನು ಎಣಿಕೆ ಮುಗಿಯುವ ತನಕ ಬೇರೆ ಕಡೆ ಹಾಕುವಂತಿಲ್ಲ. ಇಷ್ಟೇ, ಒಂದು ಪುಟ. ನಮ್ಮ ಶಾಸಕರ ಕಚೇರಿಯಲ್ಲಿ ಕೊಟ್ಟು, ನಕಲಿನ ಮೇಲೆ ಸೀಲು ಹಾಕಿಸಿಕೊಂಡೆವು. ಈ ಸಲ ಎಲ್ಲರೂ ಒಂದೇ ಹಾಳೆಯಲ್ಲಿ ಸಹಿ ಹಾಕಿದರು. ಕೆಲಸ ಬಿಟ್ಟ ಆ ತಾಯಿಯೂ ಬಂದು ಹಾಕಿದಳು.