ಲೂರಿನ ಮೂಗುದಾರ

ಹೋದ ವರ್ಷ ಪಾಂಡವಪುರ ಕಡೆಯ ಒಂದು ಕೆರೆಯಲ್ಲಿ ನನ್ನ ಕೈಯಿಂದ ದೊಡ್ಡ ಕೊರವ ಮೀನೊಂದು ತಪ್ಪಿಸಿಕೊಂಡಿತು. ದಡಕ್ಕೆ ಇನ್ನು ಎರಡು ಮಾರು ಇತ್ತು, ಅಷ್ಟೇ. ತಲೆ ಎತ್ತಿ ಒಂದು ಸಲ ಕೊಡವಿತು. ರಾಡ್ ಹಗುರವಾಯಿತು. ದಾರ ಸುತ್ತಿಕೊಂಡು ನೋಡಿದರೆ ತುದಿ ಬ್ಲೇಡಿನಲ್ಲಿ ಕೊಯ್ದ ಹಾಗಿತ್ತು.

ಕೊರವನ ಹಲ್ಲಿಗೆ ಸಿಕ್ಕಿತು ಅಂದುಕೊಂಡೆ. ಎಲ್ಲರೂ ಅದನ್ನೇ ಹೇಳಿದರು. ಮನೆಗೆ ಬಂದು ಡಬ್ಬಿ ತೆಗೆದೆ. ಅದೇ ಥರದ ಇನ್ನೊಂದು ಲೂರ್, ಅಂದರೆ ಮೀನನ್ನು ಮರುಳು ಮಾಡುವ ಕೃತಕ ಎರೆ, ಇತ್ತು, ಹಿಂದಿನ ವಾರ ಕಟ್ಟಿದ ದಾರವೂ ಅದರಲ್ಲೇ ಇತ್ತು. ಬೆಳಕಿಗೆ ಹಿಡಿದು ನೋಡಿದೆ. ಗಂಟು ಕಟ್ಟಿದ ಜಾಗದಲ್ಲಿ ಇರಲಿಲ್ಲ. ಜಾರಿಕೊಂಡು ಲೂರಿನ ಮೂಗಿನ ರಿಂಗಿನ ತಂತಿ ಮುಗಿಯುವ ಕಡೆಗೆ ಹೋಗಿ ಕೂತಿತ್ತು. ಬ್ರೇಡಿನ, ಅಂದರೆ ಸಣ್ಣ ಎಳೆಗಳನ್ನು ಹೆಣೆದು ಮಾಡಿದ ದಾರದ, ಅರ್ಧ ಎಳೆಗಳು ಆಗಲೇ ಕಿತ್ತುಹೋಗಿದ್ದವು. ಈ ಲೂರನ್ನು ಮೀನು ಇನ್ನೂ ಮುಟ್ಟಿಯೇ ಇರಲಿಲ್ಲ!

ಲೂರಿನ ಮೂಗಿನಲ್ಲಿರುವ ಈ ಸ್ಪ್ಲಿಟ್ ರಿಂಗು ಬೇರೇನೂ ಅಲ್ಲ, ನಮ್ಮ ಬೀಗದ ಕೈ ಗೊಂಚಲಿನ ರಿಂಗಿನ ತಮ್ಮ. ತಂತಿಯನ್ನು ಎರಡು ಸುತ್ತು ಸುತ್ತಿರುತ್ತಾರೆ. ಸುತ್ತು ಶುರುವಾಗುವಲ್ಲಿ ಮತ್ತು ಮುಗಿಯುವಲ್ಲಿ ಕತ್ತರಿಸಿದ ಚೂಪು ಅಂಚು ಇರುತ್ತದೆ. ಎರಡು ಸುತ್ತಿನ ನಡುವೆ ಸಂದು ಇರುತ್ತದೆ. ದಪ್ಪ ತಂಗೂಸಿ ದಾರ ಈ ಸಂದಿಗೆ ಅಷ್ಟು ಸುಲಭವಾಗಿ ಇಳಿಯುವುದಿಲ್ಲ. ಬ್ರೇಡ್ ಹಾಗಲ್ಲ. ತೆಳ್ಳಗೆ, ಮೆತ್ತಗೆ ಇರುವುದರಿಂದ ಸುಮ್ನೆ ಒಳಗೆ ನುಗ್ಗುತ್ತದೆ. ಪ್ರತಿ ಎಸೆತಕ್ಕೂ ರಿಂಗು ಒಂಚೂರು ತಿರುಗುತ್ತದೆ, ಗಂಟು ಒಂಚೂರು ಸರಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಅಂಚಿನ ಮೇಲೆ ಕೂತಿರುತ್ತದೆ.

ಹಾಗಂತ ರಿಂಗುಗಳನ್ನೆಲ್ಲ ಕಿತ್ತು ಬಿಸಾಡಲು ಆಗುವುದಿಲ್ಲ. ಸ್ಪೂನ್ ಅನ್ನುವ ತಗಡಿನ ಲೂರ್ ತೆಗೆದುಕೊಳ್ಳಿ. ದಾರ ಕಟ್ಟುವ ಜಾಗ ತಗಡಿಗೆ ಹೊಡೆದ ತೂತು, ಅದರ ಅಂಚೇ ದಾರವನ್ನು ತಿನ್ನುತ್ತದೆ. ಅಲ್ಲಿ ರಿಂಗು ಬೇಕೇ ಬೇಕು. ಲೂರಿನ ಹಿಂದಿನ ಗಾಳದ ಮುಳ್ಳಿಗೂ ಬೇಕು. ರಿಂಗಿದ್ದರೆ ಮುಳ್ಳು ಸುತ್ತ ಆಡುತ್ತದೆ, ಮೀನು ತಲೆ ಒದರಿದಾಗ ಲೂರಿನ ಮೈಯನ್ನೇ ಸನ್ನೆಗೋಲು ಮಾಡಿಕೊಂಡು ಕಿತ್ತುಕೊಳ್ಳಲು ಆಗುವುದಿಲ್ಲ. ನಾನು ನಿಲ್ಲಿಸಿದ್ದು ಒಂದನ್ನೇ, ದಾರವನ್ನು ನೇರವಾಗಿ ಸ್ಪ್ಲಿಟ್ ರಿಂಗಿಗೆ ಕಟ್ಟುವುದನ್ನು.

ಮೊದಲು ರಿಂಗು ತೆಗೆದು ದಾರವನ್ನು ಲೂರಿನ ಕಣ್ಣಿಗೇ, ಅಂದರೆ ಮೂಗಿನಲ್ಲಿರುವ ತಂತಿಯ ಕುಣಿಕೆಗೇ, ಬಿಗಿಯಾಗಿ ಕಟ್ಟಿದೆ. ದಾರ ಉಳಿಯಿತು, ಲೂರ್ ಸತ್ತಿತು. ಇದು ಗೊತ್ತಾಗಿದ್ದು ನಮ್ಮ ಪಂಪ್‌ಸೆಟ್ ತೊಟ್ಟಿಯಲ್ಲಿ. ಕೆರೆಯ ರಾಡಿ ನೀರಲ್ಲಿ ಲೂರ್ ಏನು ಮಾಡುತ್ತಿದೆ ಅಂತ ಕಾಣುವುದಿಲ್ಲ. ತೊಟ್ಟಿಯ ನೀರು ತಿಳಿಯಾಗಿರುತ್ತದೆ. ಒಂದು ತುದಿಯಿಂದ ಇನ್ನೊಂದು ತುದಿಗೆ ಕ್ರ್ಯಾಂಕ್‌ಬೇಟ್ ಅನ್ನುವ ಮೀನಿನಾಕಾರದ ಲೂರನ್ನು ಎಳೆದು ನೋಡಿದೆ. ಆ ಕಡೆ ಈ ಕಡೆ ಮೈ ಅಲ್ಲಾಡಿಸಬೇಕಾದದ್ದು ಸೌದೆ ತುಂಡಿನ ಹಾಗೆ ಬಂತು.

ಕಬ್ಬಿಗೆ ನೀರು ಕಟ್ಟುತ್ತಿದ್ದ ಚಿಕ್ಕಪ್ಪ ನೋಡುತ್ತಾ ನಿಂತಿದ್ದರು. "ಅದ್ರ ಮೂಗ್ನ ಅಷ್ಟು ಬಿಗ್ದಿದ್ದೀಯಲ್ಲೋ ಮಗ, ತಲೆ ಹೆಂಗ್ ಆಡ್ಸ್ತದೆ? ಎತ್ತಿನ ಮೂಗುದಾರ ಹಿಂಗ್ ಕಟ್ತಾರಾ?" ಅಂದರು. ಅವರು ಜೀವನದಲ್ಲಿ ಎರೆಹುಳು ಬಿಟ್ಟು ಬೇರೇನನ್ನೂ ಗಾಳಕ್ಕೆ ಹಾಕಿದವರಲ್ಲ. ನಾನು ಎಷ್ಟೋ ವಿಡಿಯೋ ನೋಡಿ ತಿಳಿಯದ್ದು ಅವರಿಗೆ ಬದುವಿನ ಮೇಲೆ ನಿಂತೇ ಗೊತ್ತಾಗಿತ್ತು.

ಅಲ್ಲಿಂದ ಎರಡು ದಾರಿ ಹಿಡಿದೆ. ಒಂದು, ಕಣ್ಣಿನ ಮುಂದೆ ಸಡಿಲವಾಗಿ ನಿಲ್ಲುವ ಕುಣಿಕೆ ಗಂಟು. ಎರಡು, ಸ್ನ್ಯಾಪ್, ಅಂದರೆ ತೆಗೆದು ಹಾಕಬಹುದಾದ ತಂತಿ ಕೊಕ್ಕೆ. ಲೂರ್ ಬದಲಾಯಿಸುವುದು ಜಾಸ್ತಿ ಇದ್ದರೆ ಸ್ನ್ಯಾಪೇ ಸರಿ. ಬಾಗು ದುಂಡಗಿರುವ ಸ್ನ್ಯಾಪ್ ತೆಗೆದುಕೊಳ್ಳಿ. ತುದಿ ಚೂಪಾಗಿದ್ದರೆ ಲೂರಿನ ಕಣ್ಣು ಆ ಮೂಲೆಯಲ್ಲೇ ಸಿಕ್ಕಿಕೊಳ್ಳುತ್ತದೆ, ಆಟ ಕಡಿಮೆಯಾಗುತ್ತದೆ. ಮೂಗಿನಲ್ಲಿ ಆಗಲೇ ರಿಂಗಿದ್ದರೆ ಅದನ್ನು ತೆಗೆದು ಸ್ನ್ಯಾಪ್ ಹಾಕುತ್ತೇನೆ. ಎರಡನ್ನೂ ಬಿಟ್ಟರೆ ಮೂತಿಯ ಭಾರ ಸುಮ್ನೆ ಹೆಚ್ಚುತ್ತದೆ, ಅಲ್ವಾ? ಸಣ್ಣ ಲೂರಿಗೆ ಅದೇ ದೊಡ್ಡ ಹೊರೆ. ನೀರ ಮೇಲೆ ಆಡಬೇಕಾದ ಲೂರ್ ಮೂಗು ಮುಳುಗಿಸಿಕೊಂಡು ಬರುತ್ತದೆ.

ಸ್ನ್ಯಾಪಿನ ಗಟ್ಟಿತನಕ್ಕೆ ಪ್ಯಾಕೆಟ್ ಮೇಲಿನ ಅಂಕಿಯನ್ನು ನಾನು ನಂಬುವುದಿಲ್ಲ. ನನ್ನ ಪರೀಕ್ಷೆ ಸುಲಭ. ಹಲಸಿನ ಕೊಂಬೆಗೆ ಹಗ್ಗ ಕಟ್ಟಿ ಸ್ನ್ಯಾಪ್ ಸಿಕ್ಕಿಸಿ, ಕೆಳಗೆ ಬಕೆಟ್ ನೇತು ಹಾಕುತ್ತೇನೆ. ಒಂದೊಂದೇ ಲೀಟರ್ ನೀರು ಸುರಿಯುತ್ತೇನೆ. ಒಂದು ಲೀಟರ್ ಅಂದರೆ ಒಂದು ಕೆಜಿ, ಲೆಕ್ಕ ಸಲೀಸು. ಸೇಫ್ಟಿ ಪಿನ್ ಥರ ಸುಮ್ಮನೆ ಮಡಚಿದ ಅಗ್ಗದ ಸ್ನ್ಯಾಪ್ 7 ಲೀಟರಿಗೇ ಬಾಯಿ ಬಿಟ್ಟಿತು. ತಂತಿಯ ತುದಿ ತನ್ನ ಮೇಲೆ ತಾನೇ ಕೊಕ್ಕೆ ಹಾಕಿಕೊಳ್ಳುವ ಬಗೆಯದು 12 ಲೀಟರ್ ತುಂಬಿದ ಬಕೆಟನ್ನು ಹೊತ್ತು ನಿಂತಿತು. ಬಕೆಟ್ ಕೆಳಗೆ ಕಾಲಿಡಬೇಡಿ, ನನ್ನ ಹೆಬ್ಬೆರಳು ಇನ್ನೂ ಅದನ್ನು ಮರೆತಿಲ್ಲ. ನಿಂತ ಭಾರ ಬೇರೆ, ಮೀನಿನ ಜಗ್ಗು ಬೇರೆ. ಅದಕ್ಕೇ ನನಗೆ ಬೇಕಾದ್ದಕ್ಕಿಂತ ಒಂದು ಪಟ್ಟು ಜಾಸ್ತಿ ತಡೆಯುವುದನ್ನೇ ಇಟ್ಟುಕೊಳ್ಳುತ್ತೇನೆ.

ನಂಬರಿನಲ್ಲಿ ಮೋಸಹೋಗಬೇಡಿ. ಸ್ಪ್ಲಿಟ್ ರಿಂಗಿನಲ್ಲಿ ನಂಬರ್ ಏರಿದರೆ ರಿಂಗು ದೊಡ್ಡದು. ಸಾಮಾನ್ಯ ಸ್ವಿವೆಲಿನಲ್ಲಿ, ಅಂದರೆ ತಿರುಗುವ ಕೊಂಡಿಯಲ್ಲಿ, ಉಲ್ಟಾ, 10ಕ್ಕಿಂತ 4 ದೊಡ್ಡದು. ನಾನು ಒಂದು ಸಲ ಇಡೀ ಪ್ಯಾಕೆಟ್ ತಪ್ಪು ತರಿಸಿದ್ದೇನೆ.

ಸ್ವಿವೆಲ್ ಅಂದರೆ ಹಸು ಕಟ್ಟುವ ಸರಪಳಿಯ ನಡುವೆ ತಿರುಗುವ ಕೊಂಡಿ ಇರುತ್ತದಲ್ಲ, ಅದೇ. ಹಸು ಗೂಟ ಸುತ್ತಿದರೂ ಸರಪಳಿ ಹುರಿಗೊಳ್ಳಬಾರದು ಅಂತ. ಗಿರಗಿರ ತಿರುಗುವ ಸ್ಪಿನ್ನರ್ ಲೂರ್ ಎಳೆಯುವಾಗ ಇದು ಬೇಕು, ಇಲ್ಲವಾದರೆ ದಾರ ಹುರಿಯಾಗಿ ರೀಲಿನಿಂದ ಜಡೆ ಜಡೆಯಾಗಿ ಹೊರಬೀಳುತ್ತದೆ. ಕ್ರ್ಯಾಂಕ್‌ಬೇಟಿಗೆ ಇದು ಬೇಡ. ಹಾಕಲೇಬೇಕು ಅನ್ನಿಸಿದರೆ ಮೂಗಿಗೆ ಅಲ್ಲ, ಒಂದು ಮೊಳ ಮೇಲೆ ಹಾಕಿ. ಇನ್ನು ತಾವರೆ, ಜೊಂಡು ತುಂಬಿದ ಕಡೆ ರಬ್ಬರ್ ಕಪ್ಪೆ ಎಸೆಯುವಾಗ ಸ್ನ್ಯಾಪೂ ಬೇಡ, ಸ್ವಿವೆಲೂ ಬೇಡ. ಕಸ ಸಿಕ್ಕಿಕೊಳ್ಳುತ್ತದೆ. ಬ್ರೇಡನ್ನು ಜೋಡಿ ಮಾಡಿ ಪಾಲೋಮರ್ ಗಂಟು ಹಾಕಿ, ಎಂಜಲು ಹಚ್ಚಿ ಬಿಗಿಯುತ್ತೇನೆ, ಅಷ್ಟೇ.

ಇಷ್ಟೆಲ್ಲ ಮಾಡಿದ ಮೇಲೂ ಲೂರ್ ಒಂದೇ ಪಕ್ಕಕ್ಕೆ ವಾಲಿಕೊಂಡು ಬಂದರೆ ತಪ್ಪು ಕಣ್ಣಿನದು. ಲೂರಿನ ಮೂತಿಯನ್ನು ನಿಮ್ಮ ಕಡೆ ಹಿಡಿದುಕೊಳ್ಳಿ. ನಿಮ್ಮ ಎಡಕ್ಕೆ ಓಡುತ್ತಿದ್ದರೆ ಇಕ್ಕಳದಲ್ಲಿ ಕಣ್ಣನ್ನು ನಿಮ್ಮ ಬಲಕ್ಕೆ ಕೂದಲೆಳೆಯಷ್ಟು ಬಗ್ಗಿಸಿ. ತೊಟ್ಟಿಯಲ್ಲಿ ಎಳೆದು ನೋಡಿ, ಮತ್ತೆ ಬಗ್ಗಿಸಿ. ಒಂದೇ ಸಲಕ್ಕೆ ಜೋರು ಮಾಡಿದರೆ ಕಣ್ಣು ಕಿತ್ತು ಬರುತ್ತದೆ.

ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಹಿಡಿದಿದ್ದರು. ಅಂದರೆ 54 ಕೆಜಿ! ಆ ಮೀನು ಬಾಯಲ್ಲೇ ಮುಳ್ಳನ್ನು ಜಜ್ಜಿಬಿಡುತ್ತದೆ ಅಂತ ಹಳಬರು ಹೇಳುತ್ತಾರೆ. ಕಾವೇರಿಯ ಆ ಡುಬ್ಬದ ಮಹಶೀರ್ ಈಗ ಅಳಿವಿನ ಅಂಚಿನಲ್ಲಿದೆ, ಅದರ ತಂಟೆಗೆ ನಾವು ಹೋಗಬಾರದು. ನನಗೆ ಗುತ್ತಿಗೆದಾರರನ್ನು ಕೇಳಿಕೊಂಡು ಊರ ಕೆರೆಯ ಕೊರವ ಹಿಡಿದರೆ ಸಾಕು. ಅದೂ ಮಳೆಗಾಲದಲ್ಲಿ ಕೆಂಪು ಮರಿಗಳ ಗುಂಪು ಕಂಡರೆ ಆ ಜಾಗಕ್ಕೆ ಎಸೆಯುವುದಿಲ್ಲ. ತಾಯಿತಂದೆ ಕೆಳಗೇ ಕಾಯುತ್ತಿರುತ್ತವೆ.

ಮೂಗಿನಿಂದ ಬಿಚ್ಚಿದ ರಿಂಗುಗಳು ಒಂದು ಬೆಂಕಿಪೊಟ್ಟಣದ ತುಂಬ ಇವೆ. ಚಿಕ್ಕಪ್ಪ ಅದರಲ್ಲಿ ದೊಡ್ಡದೊಂದನ್ನು ಆರಿಸಿಕೊಂಡು ಪಂಪ್ ಮನೆ ಬೀಗದ ಕೈಗೆ ಹಾಕಿಕೊಂಡಿದ್ದಾರೆ.