ಬಾಲ್ ಕಳೆದುಕೊಂಡ ಮೇಲಿನ ಐದು ಹೆಜ್ಜೆ

ಎಂಟನೇ ಕ್ಲಾಸಿನ ಆ ಹುಡುಗಿಯನ್ನು ನಮ್ಮ ಶಾಲೆಯ ಹಾಕಿ ತಂಡದಲ್ಲಿ ಲೆಫ್ಟ್ ಹಾಫ್, ಅಂದರೆ ನಡುಸಾಲಿನ ಎಡಬದಿಯಲ್ಲಿ, ಆಡಿಸುತ್ತಿದ್ದೆ. ಬಾಲ್ ತನ್ನ ಕಡೆ ಬಂದರೆ ಸಾಕು, ನಿಲ್ಲಿಸುವ ಗೋಜಿಗೇ ಹೋಗದೆ ಸೈಡ್‌ಲೈನಿನಾಚೆ ತಳ್ಳಿಬಿಡುತ್ತಿದ್ದಳು. ತಳ್ಳಿದ ಮರುಕ್ಷಣ ತಲೆ ಎತ್ತಿ ನನ್ನ ಮುಖ ನೋಡುತ್ತಿದ್ದಳು. ಒಂದು ಪಂದ್ಯದಲ್ಲಿ ಪುಸ್ತಕ ಹಿಡಿದು ಲೆಕ್ಕ ಹಾಕಿದೆ. ಮೊದಲರ್ಧದಲ್ಲಿ ಅವಳು ಬಾಲ್ ಮುಟ್ಟಿದ್ದು 5 ಸಲ. ಐದೂ ಸಲ ಬಾಲ್ ಹೊರಗೆ, ಐದೂ ಸಲ ಕಣ್ಣು ನನ್ನ ಕಡೆ.

ನಾನು ದಕ್ಷಿಣ ಕೊಡಗಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕಿ. ಹಾಕಿ ಅಂದರೆ ಇಲ್ಲಿ ಯಾರಿಗೂ ಪರಿಚಯ ಮಾಡಿಕೊಡಬೇಕಿಲ್ಲ. 1997ರಲ್ಲಿ ಕರಡದಲ್ಲಿ ಪಾಂಡಂಡ ಮನೆಯವರು ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಅಜ್ಜ, ಸೊಸೆ, ಮೊಮ್ಮಗ ಒಂದೇ ತಂಡದಲ್ಲಿ ಆಡುತ್ತಾರೆ. ಆ ಮನೆಗಳ ಮಕ್ಕಳು ನಡೆಯಲು ಕಲಿಯುವಾಗಲೇ ಸ್ಟಿಕ್ ಮುಟ್ಟಿರುತ್ತಾರೆ. ಆದರೆ ನನ್ನ ಶಾಲೆಗೆ ಬರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕಾಫಿ ತೋಟದ ಕೂಲಿಕಾರರು ಸಾಲಾಗಿ ವಾಸಿಸುವ ಲೈನ್ ಮನೆಗಳ ಮಕ್ಕಳು. ಏಪ್ರಿಲ್-ಮೇನಲ್ಲಿ ಹಬ್ಬದ ಪಂದ್ಯಗಳನ್ನು ಬೇಲಿಯಾಚೆ ನಿಂತು ನೋಡಿದವರು. ಎರಡೂ ಕಡೆಯ ಮಕ್ಕಳನ್ನು ಒಟ್ಟಿಗೆ ಮೈದಾನಕ್ಕಿಳಿಸಿದಾಗ ಮೊದಲು ಕಣ್ಣಿಗೆ ಬೀಳುವ ವ್ಯತ್ಯಾಸ ನಿಲ್ಲುವ ರೀತಿಯದು. ಒಬ್ಬಳು ಬಾಲಿಗಾಗಿ ಕಾಯುತ್ತಾಳೆ, ಇನ್ನೊಬ್ಬಳು ಬಾಲ್ ತನ್ನ ಕಡೆ ಬಾರದಿರಲಿ ಎಂದು ಕಾಯುತ್ತಾಳೆ. ಈ ಹುಡುಗಿ ಎರಡನೆಯವಳು. ಮನೆಯಲ್ಲಿ ಮಾತಾಡುವುದು ಯರವ ಬುಡಕಟ್ಟಿನ ಭಾಷೆ. ಕ್ಲಾಸಿನಲ್ಲಿ ಕನ್ನಡದಲ್ಲಿ ಉತ್ತರ ಹೇಳಲು ಎದ್ದು ನಿಂತರೂ ಮಾತು ಗಂಟಲಲ್ಲೇ ಉಳಿಯುತ್ತಿತ್ತು.

ಮೊದಲ ಕೆಲವು ವರ್ಷ ನನಗೆ ಗೊತ್ತಿದ್ದ ಔಷಧಿ ಎರಡೇ. ಅಭ್ಯಾಸದಲ್ಲಿ ಎಲ್ಲದಕ್ಕೂ ‘ವೆರಿ ಗುಡ್’ ಅನ್ನುವುದು, ಪಂದ್ಯದಲ್ಲಿ ಗೆರೆಯಾಚೆ ನಿಂತು ಕೂಗುವುದು. ‘ಹೊಡಿ’, ‘ಬಿಡು’, ‘ಹಿಂದೆ ಬಾ’, ‘ಯಾಕೆ ಬಿಟ್ಟೆ’. ಗಂಟಲು ಕಟ್ಟಿದ ದಿನ ಒಳ್ಳೆಯ ಕೆಲಸ ಮಾಡಿದೆ ಅಂದುಕೊಳ್ಳುತ್ತಿದ್ದೆ. ಒಮ್ಮೆ ನಮ್ಮ ಜೊತೆ ಬಂದಿದ್ದ ಕನ್ನಡ ಮೇಷ್ಟ್ರು, ಹಾಕಿಯ ನಿಯಮ ಒಂದೂ ಗೊತ್ತಿಲ್ಲದವರು, ವಾಪಸ್ ಬರುವಾಗ ಜೀಪಿನಲ್ಲಿ ಹೇಳಿದರು: “ಮೇಡಂ, ಮಕ್ಕಳು ಬಾಲ್ ನೋಡಿದ್ದಕ್ಕಿಂತ ನಿಮ್ಮನ್ನ ನೋಡಿದ್ದೇ ಜಾಸ್ತಿ.” ಆ ರಾತ್ರಿ ನಿದ್ದೆ ಬರಲಿಲ್ಲ. ಮುಂದಿನ ಪಂದ್ಯಕ್ಕೆ ಪುಸ್ತಕ ಪೆನ್ನು ಹಿಡಿದು ಹೋದದ್ದು ಆ ಮಾತಿನಿಂದಲೇ.

ಮೊದಲು ಕೈ ಹಾಕಿದ್ದು ಸ್ಟಿಕ್ಕಿಗೆ. ನಮ್ಮಲ್ಲಿದ್ದವೆಲ್ಲ ಹಳೆ ವಿದ್ಯಾರ್ಥಿಗಳು ಕೊಟ್ಟ ದೊಡ್ಡವರ ಸ್ಟಿಕ್ಕುಗಳು, ಮೂವತ್ತಾರೂವರೆ, ಮೂವತ್ತೇಳು ಇಂಚಿನವು. ಮಗು ನೇರ ನಿಂತಾಗ ಸ್ಟಿಕ್ಕಿನ ತುದಿ ಸೊಂಟದ ಎಲುಬಿನ ಹತ್ತಿರ ಬರಬೇಕು. ಇವಳಿಗೆ ಅದು ಹೊಟ್ಟೆಯ ಮೇಲಕ್ಕೆ ಬರುತ್ತಿತ್ತು. ಬಾಲಿಗೆ ಬಗ್ಗಿದರೆ ಹಿಡಿ ಹೊಟ್ಟೆಗೆ ತಿವಿಯುತ್ತಿತ್ತು. ತಿವಿಯಬಾರದೆಂದು ನೆಟ್ಟಗೆ ನಿಲ್ಲುತ್ತಿದ್ದಳು, ನೆಟ್ಟಗೆ ನಿಂತರೆ ಬಾಲ್ ಸ್ಟಿಕ್ಕಿನ ಕೆಳಗೆ ನುಸುಳುತ್ತಿತ್ತು. ಎರಡು ತಿಂಗಳು ನಾನು ಅವಳಿಗೆ ‘ಬಗ್ಗು, ಬಗ್ಗು’ ಅಂದಿದ್ದೆ. ಅವಳು ‘ನಂಗೆ ಬರಲ್ಲ’ ಅಂತ ಮನಸ್ಸಿನಲ್ಲೇ ತೀರ್ಮಾನಿಸಿಬಿಟ್ಟಿದ್ದಳು. ಒಂದು ಮರದ ಸ್ಟಿಕ್ಕನ್ನು ಬಡಗಿಯ ಹತ್ತಿರ ಒಯ್ದು ಹಿಡಿಯ ಕಡೆಯಿಂದ ಎರಡೂವರೆ ಇಂಚು ಕುಯ್ಯಿಸಿ, ಹೊಸ ಗ್ರಿಪ್ ಸುತ್ತಿಸಿ ತಂದುಕೊಟ್ಟೆ. ಅದೇ ದಿನ ಸಂಜೆ ಅವಳು ಬಗ್ಗಿದಳು. ನಾನು ಏನೂ ಹೇಳಿರಲಿಲ್ಲ.

ಎಷ್ಟು ಮಕ್ಕಳ ಅಂಜಿಕೆ ಹೀಗೆ ಸಾಮಾನಿನ ದೋಷದಿಂದಲೇ ಹುಟ್ಟುತ್ತದೆ ಎಂದು ಆಮೇಲೆ ಒಂದೊಂದಾಗಿ ಕಾಣತೊಡಗಿತು. ನಮ್ಮ ಗೋಲ್‌ಕೀಪರ್ ಬಾಲ್ ಬಂದಾಗ ಮುಖ ತಿರುಗಿಸುತ್ತಾಳೆ ಎಂದು ಎಲ್ಲರೂ ಬೈಯುತ್ತಿದ್ದರು. ಹಾಕಿ ಬಾಲಿನ ತೂಕ 156ರಿಂದ 163 ಗ್ರಾಂ, ಕಲ್ಲಿನಷ್ಟು ಗಟ್ಟಿ. ಕಾಲಿಗೆ ಸಡಿಲವಾದ ಪ್ಯಾಡ್ ಕಟ್ಟಿಕೊಂಡು ಅದರ ಎದುರು ನಿಂತ ಹದಿಮೂರರ ಹುಡುಗಿ ಮುಖ ತಿರುಗಿಸಿದರೆ ಅದು ಅವಳ ಬುದ್ಧಿ ಸರಿಯಾಗಿದೆ ಅನ್ನುವುದರ ಗುರುತು. ಪ್ಯಾಡಿನ ಪಟ್ಟಿಗಳಿಗೆ ಹೊಸ ತೂತು ಹಾಕಿಸಿ ಬಿಗಿ ಮಾಡಿದೆವು. ಆಮೇಲೆ ಎರಡು ವಾರ ಬರೀ ಟೆನಿಸ್ ಬಾಲ್, ಐದು ಮೀಟರಿನಿಂದ ಕೈಯಲ್ಲಿ ಎಸೆದದ್ದು. ಅವಳ ಕೆಲಸ ತಡೆಯುವುದಲ್ಲ, ಬಾಲ್ ಪ್ಯಾಡಿಗೆ ತಾಗುವವರೆಗೂ ಕಣ್ಣಿಟ್ಟು ನೋಡುವುದಷ್ಟೇ. ತಾಗಿದ ಜಾಗವನ್ನು ಬೆರಳಲ್ಲಿ ಮುಟ್ಟಿ ತೋರಿಸಬೇಕಿತ್ತು. ನಂತರ ಅಸಲಿ ಬಾಲನ್ನು ಮೆಲ್ಲಗೆ ಪುಶ್ ಮಾಡಿದೆ, ಅಂದರೆ ಸ್ಟಿಕ್ ಬೀಸದೆ ತಳ್ಳಿದೆ, ಆಮೇಲೆ ಜೋರಾಗಿ ಪುಶ್, ಕೊನೆಗೆ ಸ್ಟಿಕ್ ಬೀಸಿ ಹಿಟ್. ಯಾವ ದಿನ ಮುಂದಿನ ಹಂತಕ್ಕೆ ಹೋಗಬೇಕು ಅನ್ನುವುದನ್ನು ಅವಳೇ ಹೇಳಬೇಕು. ನಾನು ಅವಸರ ಮಾಡಲಿಲ್ಲ. ಆರು ವಾರ ಹಿಡಿಯಿತು.

ಲೆಫ್ಟ್ ಹಾಫ್ ಹುಡುಗಿಗೆ ಮರಳುತ್ತೇನೆ. ಅವಳಿಗೆ ಒಂದೇ ಒಂದು ಕೆಲಸ ಕೊಟ್ಟೆ, ಬಾಲ್ ನಿಲ್ಲಿಸುವುದು. ಎಡಗೈ ಹಿಡಿಯ ತುದಿಯಲ್ಲಿ ಬಿಗಿ, ಬಲಗೈ ಕೆಳಗೆ ಸಡಿಲ. ಬಲಗೈ ಗಟ್ಟಿಯಾದರೆ ಬಾಲ್ ಗೋಡೆಗೆ ಬಡಿದಂತೆ ಪುಟಿದು ಎದುರಾಳಿಯ ಕಾಲ ಬುಡಕ್ಕೆ ಹೋಗುತ್ತದೆ. ಹಿಡಿಯ ತುದಿ ತುಸು ಮುಂದಕ್ಕೆ ಬಾಗಿರಬೇಕು, ಆಗ ಬಾಲ್ ಸ್ಟಿಕ್ಕಿಗೂ ನೆಲಕ್ಕೂ ನಡುವೆ ಸಿಕ್ಕಿಕೊಳ್ಳುತ್ತದೆ. ಪೊನ್ನಂಪೇಟೆಯ ಟರ್ಫ್, ಅಂದರೆ ಕೃತಕ ಹುಲ್ಲಿನ ಮೈದಾನದ ಮೇಲೆ ಇಷ್ಟು ಸಾಕು. ಆಗಸ್ಟ್ ತಿಂಗಳ ನಮ್ಮ ಕೆಸರಿನಲ್ಲಿ ಬಾಲ್ ಯಾವ ಹುಲ್ಲಿನ ಬುಡಕ್ಕೆ ತಾಗಿ ಎತ್ತ ಹಾರುತ್ತದೋ ಹೇಳಲಾಗದು. ಅದಕ್ಕೆ ಮಂಡಿ ಬಗ್ಗಿಸಿ, ಸ್ಟಿಕ್ಕನ್ನು ನೆಲದ ಮೇಲೆ ಮಲಗಿಸಿ, ಪೂರ್ತಿ ಉದ್ದವನ್ನೇ ಬೇಲಿ ಮಾಡಿ ನಿಲ್ಲಿಸುವುದನ್ನು ಕಲಿಸಿದೆ. ದಿನಕ್ಕೆ 50 ಬಾಲ್. ಎಷ್ಟು ನಿಂತವು ಎಂದು ಅವಳೇ ಬರೆದುಕೊಳ್ಳಬೇಕು. ಮೊದಲ ದಿನ 19. ಮೂರನೇ ವಾರ 41. ಆ ಹಾಳೆಯನ್ನು ನಾಲ್ಕಾಗಿ ಮಡಚಿ ಕಂಪಾಸ್ ಬಾಕ್ಸಿನಲ್ಲಿ ಇಟ್ಟುಕೊಂಡಿದ್ದಳು. ಕ್ಲಾಸಿನಲ್ಲಿ ಗೆಳತಿಗೆ ಬಿಚ್ಚಿ ತೋರಿಸುತ್ತಿದ್ದಾಗ ಗಣಿತದ ಮೇಡಂ ಕೈಗೆ ಸಿಕ್ಕಿಬಿದ್ದು ವಿಷಯ ನನಗೆ ಗೊತ್ತಾಯಿತು. ‘ನಿನ್ನಿಂದ ಆಗುತ್ತೆ’ ಎಂದು ನಾನು ನೂರು ಸಲ ಹೇಳಿದ್ದೆ. ಅವಳು ನಂಬಿದ್ದು ಸ್ವಂತ ಕೈಬರಹದಲ್ಲಿದ್ದ 41ನ್ನು.

ಹನ್ನೊಂದು ಮಂದಿಯ ಆಟ ಅಭ್ಯಾಸದಲ್ಲಿ ವಾರಕ್ಕೊಮ್ಮೆ ಮಾತ್ರ. 91.40 ಮೀಟರ್ ಉದ್ದ, 55 ಮೀಟರ್ ಅಗಲದ ಮೈದಾನದಲ್ಲಿ ಅಂಜುವ ಮಗುವಿಗೆ ಅಡಗಿಕೊಳ್ಳಲು ಬೇಕಾದಷ್ಟು ಜಾಗವಿದೆ. ಉಳಿದ ದಿನ ನಾಲ್ಕು-ನಾಲ್ಕು ಜನರ ಆಟ, ವಾಲಿಬಾಲ್ ಕೋರ್ಟಿಗಿಂತ ಸ್ವಲ್ಪ ದೊಡ್ಡ ಜಾಗದಲ್ಲಿ, ಕೀಪರ್ ಇಲ್ಲದೆ, ಎರಡು ಚಪ್ಪಲಿ ಇಟ್ಟ ಗೋಲು. ಅಲ್ಲಿ ಬಾಲಿನಿಂದ ತಪ್ಪಿಸಿಕೊಳ್ಳಲಾಗದು. ಹತ್ತು ನಿಮಿಷದಲ್ಲಿ ಅವಳು 30ಕ್ಕೂ ಹೆಚ್ಚು ಸಲ ಬಾಲ್ ಮುಟ್ಟಿದ್ದನ್ನು ಬರೆದಿಟ್ಟಿದ್ದೇನೆ. ಮೂವತ್ತು ಸಲ ಮುಟ್ಟಿದವಳು ಹತ್ತು ಸಲ ಕಳೆದುಕೊಳ್ಳುತ್ತಾಳೆ. ಕಳೆದುಕೊಂಡರೂ ಆಕಾಶ ಕಳಚಿ ಬೀಳುವುದಿಲ್ಲ ಎಂದು ಮೈಗೆ ಗೊತ್ತಾಗುವುದು ಅಲ್ಲೇ.

ಆ ಸಣ್ಣ ಆಟ ನೋಡುತ್ತಿದ್ದಾಗಲೇ ನನಗೆ ಬೇಕಾದದ್ದು ಸಿಕ್ಕಿತು. ಅಂಜುವ ಮಕ್ಕಳೂ ಅಂಜದ ಮಕ್ಕಳೂ ಬಾಲ್ ಕಳೆದುಕೊಳ್ಳುವುದು ಹೆಚ್ಚುಕಡಿಮೆ ಅಷ್ಟೇ ಸಲ. ಕಳೆದುಕೊಂಡ ನಂತರದ ಎರಡು ಸೆಕೆಂಡಿನಲ್ಲಿ ಮಾತ್ರ ಅಜಗಜಾಂತರ. ಒಬ್ಬಳು ಬಾಲ್ ಹೋದ ದಿಕ್ಕಿಗೆ ಆಗಲೇ ತಿರುಗಿರುತ್ತಾಳೆ. ಇನ್ನೊಬ್ಬಳು ನಿಂತು, ಹಣೆ ಒತ್ತಿಕೊಂಡು, ಸುತ್ತಲಿನವರ ಮುಖ ನೋಡುತ್ತಾಳೆ. ಅಂದಿನಿಂದ ನಮ್ಮ ಮೈದಾನಕ್ಕೆ ಒಂದು ನಿಯಮ ಬಂತು. ಬಾಲ್ ಹೋದರೆ ಅದರ ಹಿಂದೆ ಐದು ಹೆಜ್ಜೆ, ಕುಗ್ಗಿ, ಸ್ಟಿಕ್ ನೆಲದ ಮೇಲಿಟ್ಟುಕೊಂಡೇ ಓಡಬೇಕು. ಬಾಲ್ ವಾಪಸ್ ಸಿಗದಿದ್ದರೂ ಪರವಾಗಿಲ್ಲ. ಉಳಿದವರ ಚಪ್ಪಾಳೆ ಗೋಲಿಗಿಂತ ಮೊದಲು ಆ ಐದು ಹೆಜ್ಜೆಗೆ. ನಾನೂ ‘ವೆರಿ ಗುಡ್’ ನಿಲ್ಲಿಸಿ, ಕಂಡದ್ದನ್ನು ಹೇಳಲು ಶುರುಮಾಡಿದೆ. “ಬಾಲ್ ಬರೋ ಮುಂಚೆ ಬಲಗಡೆ ಒಂದ್ಸಲ ನೋಡ್ದೆ ಮಗಾ, ಅದು ಸರಿ.” ಮಕ್ಕಳಿಗೆ ಪೊಳ್ಳು ಹೊಗಳಿಕೆ ತಕ್ಷಣ ಗೊತ್ತಾಗುತ್ತದೆ.

ಹೇಳಿದ್ದು ಹಾಗೇ ತಲೆಗೆ ಹೋಗಲಿಲ್ಲ. ಮಳೆಯಿಂದ ಅಭ್ಯಾಸ ನಿಂತ ಒಂದು ಶನಿವಾರ ಸ್ಟಾಫ್ ರೂಮಿನಲ್ಲಿ ಎಲ್ಲರನ್ನೂ ಕೂರಿಸಿ ಟೋಕಿಯೊ ಒಲಿಂಪಿಕ್ಸಿನ ಮಹಿಳಾ ಪಂದ್ಯವೊಂದರ ತುಣುಕುಗಳನ್ನು ತೋರಿಸಿದೆ. ಭಾರತ ಅಲ್ಲಿ ಶುರು ಮಾಡಿದ್ದೇ ಸೋಲಿನಿಂದ. ನೆದರ್ಲೆಂಡ್ಸ್ ಎದುರು 1-5, ಜರ್ಮನಿ ಎದುರು 0-2, ಬ್ರಿಟನ್ ಎದುರು 1-4. ಆಮೇಲೆ ಐರ್ಲೆಂಡನ್ನೂ ದಕ್ಷಿಣ ಆಫ್ರಿಕಾವನ್ನೂ ಸೋಲಿಸಿ ಕ್ವಾರ್ಟರ್ ಫೈನಲ್ ತಲುಪಿ, 2021ರ ಆಗಸ್ಟ್ 2ರಂದು ಗುರ್ಜಿತ್ ಕೌರ್ ಹೊಡೆದ ಒಂದೇ ಗೋಲಿನಿಂದ ಆಸ್ಟ್ರೇಲಿಯಾವನ್ನು ಮಣಿಸಿದರು. “ಮೂರು ಸೋತ ಮೇಲೂ ಅವರನ್ನ ಮನೆಗೆ ಕಳಿಸ್ಲಿಲ್ವಾ ಮೇಡಂ?” ಎಂದು ಒಬ್ಬಳು ಕೇಳಿದಳು. ಗೋಲ್‌ಕೀಪರ್ ಮಾತ್ರ ಭಾರತದ ಕೀಪರ್ ಸವಿತಾ ಪೂನಿಯಾ ಅವರ ಕಣ್ಣನ್ನೇ ನೋಡುತ್ತ, “ಅವ್ರು ಮುಖ ತಿರುಗ್ಸಲ್ಲ” ಅಂದಳು. ಸೋಮವಾರಪೇಟೆಯ ಎಸ್.ವಿ. ಸುನಿಲ್ ಬಡಗಿಯ ಮನೆಯಿಂದ ಬಂದು ಎರಡು ಒಲಿಂಪಿಕ್ಸ್ ಆಡಿದವರು ಎಂಬುದನ್ನೂ ಅವತ್ತು ಹೇಳಿದೆ. ಲೈನ್ ಮನೆಯ ಮಕ್ಕಳು ಅದನ್ನು ಕೇಳಿಸಿಕೊಂಡ ರೀತಿಯೇ ಬೇರೆ.

ಎಲ್ಲಕ್ಕಿಂತ ಕಷ್ಟವಾದದ್ದು ನನ್ನ ಬಾಯಿ ಕಟ್ಟುವುದು. ಪಂದ್ಯದಲ್ಲಿ ಎರಡೇ ಮಾತು ಎಂದು ಮಕ್ಕಳೆದುರೇ ಒಪ್ಪಿಕೊಂಡೆ: ‘ಐದು’ ಮತ್ತು ‘ಸರಿ’. ಉಳಿದದ್ದೆಲ್ಲ ಪುಸ್ತಕಕ್ಕೆ. ಅರ್ಧಾವಧಿಯಲ್ಲಿ ಮೊದಲ ಒಂದು ನಿಮಿಷ ನೀರು ಕುಡಿಯುತ್ತ ಅವರೇ ಮಾತಾಡಬೇಕು, ಆಮೇಲೆ ನಾನು ಒಂದು ವಿಷಯ ಮಾತ್ರ ಹೇಳಬೇಕು. ಮೊದಮೊದಲು ಆ ಒಂದು ನಿಮಿಷ ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ಆ ಮೌನವನ್ನು ತುಂಬದೆ ಸುಮ್ಮನಿರುವುದು ನನಗೆ ಹಿಂಸೆಯಾಗುತ್ತಿತ್ತು. ನಾಲ್ಕನೇ ಪಂದ್ಯದಲ್ಲಿ ಮಾತು ಬಂದದ್ದು ಲೆಫ್ಟ್ ಹಾಫಿನಿಂದ: “ಅವ್ರ ರೈಟ್ ಔಟ್ ಒಳಗೆ ಬರಲ್ಲ, ಗೆರೆ ಹಿಡ್ಕೊಂಡೇ ಓಡ್ತಾಳೆ.” ಎದುರು ತಂಡದ ಬಲ ಅಂಚಿನ ಆಟಗಾರ್ತಿಯ ಬಗ್ಗೆ ಅದು ನಾನು ಗಮನಿಸಿರದ ವಿಷಯ. ಸೆಂಟರ್ ಹಾಫ್ ತಕ್ಷಣ, “ಹಾಗಾದ್ರೆ ನೀನು ಗೆರೆ ಕಾಯಿ, ಒಳಗಡೆ ನಾನ್ ನೋಡ್ಕೋತೀನಿ” ಅಂದಳು. ನಾನು ಹೇಳಬೇಕೆಂದು ಬರೆದುಕೊಂಡಿದ್ದನ್ನು ಹೇಳಲೇ ಇಲ್ಲ.

ಆ ವರ್ಷ ತಾಲ್ಲೂಕು ಫೈನಲ್‌ನಲ್ಲಿ 1-2ರಿಂದ ಸೋತೆವು. ಕೊನೆಯ ಹತ್ತು ನಿಮಿಷದಲ್ಲಿ ಅವಳು ನಮ್ಮ ಗೋಲಿನ ಕಡೆಯ 23 ಮೀಟರ್ ಗೆರೆಯ ಹತ್ತಿರ ಬಾಲ್ ನಿಲ್ಲಿಸಿದಳು, ಒಬ್ಬಳನ್ನು ದಾಟಲು ಹೋಗಿ ಕಳೆದುಕೊಂಡಳು. ಹಿಂದೆ ಬರೀ ಫುಲ್ ಬ್ಯಾಕ್ ಒಬ್ಬಳೇ. ನನ್ನ ಕೈಯಲ್ಲಿದ್ದ ಪೆನ್ನು ನಿಂತಿತು. ಅವಳು ನನ್ನ ಕಡೆ ನೋಡಲಿಲ್ಲ. ಒಂದು, ಎರಡು, ಮೂರು. ನಾಲ್ಕನೇ ಹೆಜ್ಜೆಗೆ ಎಡಗೈ ಒಂದರಲ್ಲೇ ಸ್ಟಿಕ್ ಚಾಚಿ ಜ್ಯಾಬ್ ಮಾಡಿದಳು, ಬಾಲನ್ನು ಚುಚ್ಚಿ ಕಿತ್ತಳು. ಬಾಲ್ ಕೆಸರಿನಲ್ಲಿ ಒಂದು ಸುತ್ತು ತಿರುಗಿ ಅವಳ ಬಲಗಾಲಿನ ಮುಂದೆ ನಿಂತಿತು. ಸೈಡ್‌ಲೈನಿನಾಚೆ ತಳ್ಳಲಿಲ್ಲ. ತಲೆ ಎತ್ತಿ, ಸೆಂಟರ್ ಹಾಫಿಗೆ ಪುಶ್ ಮಾಡಿದಳು. ಆ ದಾಳಿಯಿಂದ ಗೋಲು ಬರಲಿಲ್ಲ. ಬೇಲಿಯ ಹತ್ತಿರ ಕೊಡೆ ಹಿಡಿದು ನಿಂತಿದ್ದ ಅವಳಮ್ಮ ಪಂದ್ಯ ಮುಗಿದ ಮೇಲೆ ನನ್ನ ಹತ್ತಿರ ಬಂದು, “ಸೋತ್ರಲ್ವಾ ಮೇಡಂ? ಮತ್ತೆ ಇವ್ಳು ಯಾಕೆ ನಗ್ತಾ ಇದ್ದಾಳೆ?” ಎಂದು ಕೇಳಿದರು.

ಮರುವರ್ಷ ಜೂನ್‌ನಲ್ಲಿ ಶಾಲೆ ಶುರುವಾದ ವಾರ ಆ ಕುಯ್ದ ಸ್ಟಿಕ್ ಹಿಡಿದು ಸಾಮಾನಿನ ಕೋಣೆಗೆ ಬಂದಳು. “ಮೇಡಂ, ಇದು ಚಿಕ್ಕದಾಯ್ತು.” ಗೋಡೆಗೆ ಒರಗಿಸಿ ನಿಲ್ಲಿಸಿ ಅಳತೆ ನೋಡಿದೆ, ಹೌದು. ಮೂವತ್ತಾರು ಇಂಚಿನದೊಂದು ಹುಡುಕಿ ಕೊಟ್ಟೆ. ಹೊರಗೆ ಹೊಸದಾಗಿ ಎಂಟನೇ ಕ್ಲಾಸಿಗೆ ಸೇರಿದ ಗಿಡ್ಡ ಹುಡುಗಿಯೊಬ್ಬಳು ತನಗಿಂತ ಭಾರವಾದ ಸ್ಟಿಕ್ಕಿನೊಡನೆ ಹೆಣಗುತ್ತಿದ್ದಳು. ಇವಳು ಅದನ್ನು ಅವಳ ಕೈಯಿಂದ ತೆಗೆದು, ತನ್ನ ಹಳೆಯದನ್ನು ಕೊಟ್ಟು, ಅವಳ ಬಲಗೈಯನ್ನು ಹಿಡಿದು ಎರಡು ಗೇಣು ಕೆಳಕ್ಕೆ ಸರಿಸಿದಳು. “ಈ ಕೈ ಬಿಗಿ ಬೇಡ” ಅಂದಳು. “ಸಡಿಲ ಬಿಡು. ಇನ್ನೂ ಸ್ವಲ್ಪ.”